ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ ಇದ್ದರೂ ಹೋಗುವ, ಬರುವ ಹೊತ್ತು ಬೇರೆ ಏಕೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನಾನು ಮತ್ತು ನನ್ನ ಪತ್ನಿ ಗದಗಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಅಲ್ಲಿಗೆ ಇರುವ ದೂರ ಒಂದು ಕಡೆ 14,000 ಎಂದೂ, ಇನ್ನೊಂದು ಕಡೆ 8,700 ಎಂದೂ, ಮತ್ತೊಂದು ಕಡೆ 7,550 ಎಂದೂ ಕಾಣುತ್ತದೆ. ಹೋಗುವಾಗ ಸೋಮವಾರ ಹೊರಟು ಸೋಮವಾರವೇ ತಲುಪುತ್ತೇವೆ, ಬರುವಾಗ ಸೋಮವಾರ ಹೊರಟರೆ ಬುಧವಾರ ಬಂದು ಇಳಿಯುತ್ತೇವೆ ಎಂದು ಟಿಕೆಟ್ಟಿನಲ್ಲಿದೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆಯೇ? ವಿಮಾನದಲ್ಲಿ ನಿಜವಾಗಿ ಎಷ್ಟು ಗಂಟೆ ಕೂರಬೇಕು? ಗದಗಿನ ಮನೆ ಬಿಟ್ಟು ಮಗಳ ಮನೆ ಸೇರುವವರೆಗೆ ಒಟ್ಟು ಎಷ್ಟು ಹೊತ್ತು ಹಿಡಿಯಬೇಕು?

ಉತ್ತರ: ನೀವು ನೋಡಿದ ಮೂರೂ ಸಂಖ್ಯೆಗಳು ಸರಿಯಾಗಿಯೇ ಇವೆ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿ. ಒಂದು ಮೈಲಿ ಎಂದರೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಭೂಗೋಳದ ಮೇಲೆ ಒಂದು ಡಿಗ್ರಿ ಅಕ್ಷಾಂಶವನ್ನು ಅರವತ್ತು ಭಾಗ ಮಾಡಿದರೆ ಸಿಗುವ ಒಂದು ಭಾಗವೇ ನಾಟಿಕಲ್ ಮೈಲಿಯಾದ್ದರಿಂದ, ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಲೆಕ್ಕ ಹಾಕುವವರಿಗೆ ಅದು ಅನುಕೂಲ. ವಿಮಾನಗಳ ಹಾರಾಟದ ಯೋಜನೆ ಹಾಕುವ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಹೇಳುತ್ತೇನೆ, ದೂರವನ್ನು ಓದುವಾಗ ಮೊದಲು ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಅದರ ಮುಂದಿರುವ ಅಳತೆಯ ಮಾನವನ್ನು. ನಿಮ್ಮ ಲೆಕ್ಕಕ್ಕೆ ಸುಮಾರು 14,000 ಕಿ.ಮೀ. ಎಂದು ಇಟ್ಟುಕೊಳ್ಳಿ. ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳ ನಡುವೆ ಹೆಚ್ಚೆಂದರೆ ಇರಬಹುದಾದ ದೂರ ಸುಮಾರು 20,000 ಕಿ.ಮೀ. ಅಂದರೆ ನಿಮ್ಮ ಮಗಳು ಇರುವ ಊರು ನಮ್ಮಿಂದ ಎಷ್ಟು ದೂರವಿರಲು ಸಾಧ್ಯವೋ ಅದರ ಹತ್ತರಲ್ಲಿ ಏಳು ಪಾಲು ದೂರದಲ್ಲಿದೆ.

ಈ 14,000 ಕಿ.ಮೀ. ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಗೋಡೆಯ ನಕ್ಷೆಯನ್ನು ಬಿಟ್ಟು ಶಾಲೆಯಲ್ಲಿರುವಂಥ ಭೂಗೋಳವನ್ನು ಕೈಗೆತ್ತಿಕೊಳ್ಳಬೇಕು. ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಮ್ಯಾನ್ಮಾರ್, ವಿಯೆಟ್ನಾಂ ದಾಟಿ ಪೆಸಿಫಿಕ್ ಸಾಗರದ ನಡುವೆ ಹಾದು ಅಮೆರಿಕ ಮುಟ್ಟುತ್ತದೆ. ನೋಡಲು ನೇರವಾಗಿ ಕಂಡರೂ ಆ ದಾರಿಯ ಉದ್ದ 16,000 ಕಿ.ಮೀ. ದಾಟುತ್ತದೆ. ಬದಲಿಗೆ ಭೂಗೋಳದ ಮೇಲೆ ಬೆಂಗಳೂರಿಗೆ ಒಂದು ಗುಂಡುಸೂಜಿ, ಸ್ಯಾನ್ ಫ್ರಾನ್ಸಿಸ್ಕೊಗೆ ಒಂದು ಗುಂಡುಸೂಜಿ ಹಿಡಿದು ನಡುವೆ ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಸರಿಯುತ್ತದೆ. ನೇಪಾಳದ ಪೋಖರಾ ಆಸುಪಾಸಿನಲ್ಲಿ ಹಿಮಾಲಯವನ್ನು ದಾಟಿ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾಗಳ ಮೇಲೆ ಹಾದು, ಉತ್ತರ ಅಕ್ಷಾಂಶ 71 ಡಿಗ್ರಿಯ ಹತ್ತಿರ ಆರ್ಕ್ಟಿಕ್ ಸಾಗರವನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಇಳಿದು ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೊ ಕೂಡ ಧ್ರುವದ ಊರಲ್ಲ, ಆದರೂ ಅವೆರಡರ ನಡುವಿನ ಅತಿ ಹತ್ತಿರದ ದಾರಿ ಆರ್ಕ್ಟಿಕ್ ಮೂಲಕ ಹೋಗುತ್ತದೆ. ಭೂಗೋಳಶಾಸ್ತ್ರದಲ್ಲಿ ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ದೂರ ಹೇಳುವ ಜಾಲತಾಣಗಳೆಲ್ಲ ಕೊಡುವುದು ಈ ದಾರದ ಉದ್ದವನ್ನೇ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಇದನ್ನು ಅವರ ಕೈಯಿಂದಲೇ ಮಾಡಿಸಿ. ಪುಸ್ತಕದ ನಾಲ್ಕು ಪುಟ ಓದಿದರೂ ಬಾರದ ತಿಳಿವಳಿಕೆ ಆ ಒಂದು ದಾರದಿಂದ ಬರುತ್ತದೆ.

ಆದರೆ ದಾರ ಹೋದ ಕಡೆಯೆಲ್ಲ ವಿಮಾನ ಹೋಗುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಹಾರಾಟದ ನಡುವೆ ವಿಮಾನದ ಒಳಗಿನ ಗಾಳಿಯ ಒತ್ತಡ ಕುಸಿದರೆ, ಪ್ರಯಾಣಿಕರು ಸಹಜವಾಗಿ ಉಸಿರಾಡಬಲ್ಲ ಸುಮಾರು 3,000 ಮೀಟರ್ ಎತ್ತರಕ್ಕೆ ವಿಮಾನವನ್ನು ಬೇಗನೆ ಇಳಿಸಬೇಕಾಗುತ್ತದೆ. ಕೆಳಗಿನ ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದ ಆ ಪ್ರದೇಶವನ್ನು ಸಾಮಾನ್ಯವಾಗಿ ತಪ್ಪಿಸಿ, ಸುತ್ತಿಕೊಂಡು ಹೋಗುತ್ತಾರೆ. ಇದರ ಮೇಲೆ ದೇಶಗಳ ನಡುವಿನ ಸಂಬಂಧವೂ ದಾರಿಯನ್ನು ತಿರುಗಿಸುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಅದರಿಂದಾಗಿ ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ ಹದಿಮೂರು ಗಂಟೆಯ ಹತ್ತಿರಕ್ಕೆ ಬೆಳೆಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಸುತ್ತು ಹಾಕಬೇಕಾಯಿತು. ಊರುಗಳು ಇದ್ದಲ್ಲಿಯೇ ಇರುತ್ತವೆ, ನಡುವಿನ ದಾರಿ ಮಾತ್ರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ.

ಇನ್ನು ಹೊತ್ತಿನ ವಿಷಯ. ದೊಡ್ಡ ಪ್ರಯಾಣಿಕ ವಿಮಾನ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತದೆ. 14,000 ಕಿ.ಮೀ.ಯನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆಗಿಂತ ತುಸು ಹೆಚ್ಚು ಬರುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಆ 900 ಕಿ.ಮೀ. ವಿಮಾನವು ತನ್ನ ಸುತ್ತಲಿನ ಗಾಳಿಯಲ್ಲಿ ಸಾಗುವ ವೇಗವೇ ಹೊರತು ನೆಲದ ಮೇಲಿನ ವೇಗವಲ್ಲ, ಮತ್ತು ಆ ಗಾಳಿ ಸುಮ್ಮನೆ ನಿಂತಿರುವುದಿಲ್ಲ. ನೆಲದಿಂದ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹರಿವು ಇದೆ. ಚಳಿಗಾಲದಲ್ಲಿ ಅದರ ರಭಸ ಹೆಚ್ಚು, ಕೆಲವು ಕಡೆ ಗಂಟೆಗೆ 300 ಕಿ.ಮೀ. ಕೂಡ ಮೀರುತ್ತದೆ. ತುಂಗಭದ್ರೆ ತುಂಬಿ ಹರಿಯುವಾಗ ಹರಿಗೋಲು ಹೊಳೆಯ ಸೆಳವಿನ ಜೊತೆ ಹೋಗುವುದಕ್ಕೂ ಸೆಳವಿಗೆ ಎದುರಾಗಿ ಹೋಗುವುದಕ್ಕೂ ಎಷ್ಟು ವ್ಯತ್ಯಾಸವೋ ವಿಮಾನಕ್ಕೂ ಅಷ್ಟೇ ವ್ಯತ್ಯಾಸ. 6,000 ಕಿ.ಮೀ. ಉದ್ದಕ್ಕೂ ಗಂಟೆಗೆ 150 ಕಿ.ಮೀ. ವೇಗದ ಗಾಳಿ ಇದೆ ಎಂದಿಟ್ಟುಕೊಳ್ಳಿ. ಗಾಳಿ ಹಿಂದಿನಿಂದ ಬೀಸಿದರೆ ನೆಲದ ಮೇಲಿನ ವೇಗ 1,050 ಆಗಿ ಆ ದೂರ 5 ಗಂಟೆ 43 ನಿಮಿಷದಲ್ಲಿ ಮುಗಿಯುತ್ತದೆ. ಎದುರಿನಿಂದ ಬೀಸಿದರೆ ವೇಗ 750ಕ್ಕೆ ಇಳಿದು 8 ಗಂಟೆ ಬೇಕು. ಹೋಗುವಾಗ ಗಳಿಸಿದ್ದು ಬರುವಾಗ ಕಳೆದದ್ದಕ್ಕೆ ಸರಿಹೋಗುತ್ತದೆ ಎಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 13 ಗಂಟೆ 20 ನಿಮಿಷ, ಗಾಳಿ ಇದ್ದರೆ 13 ಗಂಟೆ 43 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟ ಯಾವಾಗಲೂ ಲಾಭಕ್ಕಿಂತ ಹೆಚ್ಚು.

ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ, ಮತ್ತು ಈ ವಿಷಯದಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಅದೇ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಯುರೋಪ್ ಮತ್ತು ಅಟ್ಲಾಂಟಿಕ್ ಮೇಲಿನಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು. ದಾರಿ ಸುಮಾರು 15,300 ಕಿ.ಮೀ.ಗೆ, ಅಂದರೆ 1,400 ಕಿ.ಮೀ. ಹೆಚ್ಚು ಉದ್ದವಾಯಿತು. ಆದರೂ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಮೊದಲೇ ಹೋಗಿ ಇಳಿಯಿತು. ದೂರ ಹೆಚ್ಚಾಗಿ ಹೊತ್ತು ಕಡಿಮೆಯಾದದ್ದು ಹಿಂದಿನಿಂದ ಬೀಸಿದ ಗಾಳಿಯ ಬಲದಿಂದ. ಆದ್ದರಿಂದ ಕಿಲೋಮೀಟರಿನಿಂದ ಪ್ರಯಾಣದ ಹೊತ್ತನ್ನು ಊಹಿಸಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಬೆಂಗಳೂರಿನದೂ ಇದೇ ಲೆಕ್ಕ. ನೇರ ವಿಮಾನವಾದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ರಿಂದ 17½ ಗಂಟೆ ಬೇಕು. ಬರುವಾಗ ಪೆಸಿಫಿಕ್ ಮೇಲಿನ ಎದುರುಗಾಳಿಯನ್ನು ತಪ್ಪಿಸಲು ಉತ್ತರ ಧ್ರುವದ ಕಡೆಗೆ ಹೋಗುವುದೂ ಒಂದು ಉಪಾಯ. ಸ್ಯಾನ್ ಫ್ರಾನ್ಸಿಸ್ಕೊದಿಂದ ನೆಟ್ಟಗೆ ಧ್ರುವಕ್ಕೆ ಹೋಗಿ, ಅಲ್ಲಿಂದ ನೆಟ್ಟಗೆ ಬೆಂಗಳೂರಿಗೆ ಇಳಿದರೆ ಒಟ್ಟು ದೂರ ಸುಮಾರು 14,360 ಕಿ.ಮೀ. ಆಗುತ್ತದೆ. ದಾರ ಹಿಡಿದು ಅಳೆದದ್ದಕ್ಕಿಂತ 400 ಕಿ.ಮೀ.ಗಿಂತ ಕಡಿಮೆ ಹೆಚ್ಚಳ, ಅಂದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇರುವಷ್ಟು ದೂರವೂ ಅಲ್ಲಿ ಹೆಚ್ಚಾಗುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವಿನ ಮೊದಲ ನೇರ ವಿಮಾನವನ್ನು ಧ್ರುವದ ಮೇಲಿನಿಂದಲೇ ಬೆಂಗಳೂರಿಗೆ ತಂದಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಆ ಬೋಯಿಂಗ್ 777 ವಿಮಾನವನ್ನು ನಡೆಸಿದರು. ಧ್ರುವದ ದಾರಿ ಸುಲಭದ್ದಲ್ಲ. ಅಲ್ಲಿನ ಚಳಿಗೆ ಇಂಧನ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಂತೆ ಅದರ ಉಷ್ಣತೆಯನ್ನು ಕಾಯುತ್ತಿರಬೇಕು, ತೊಂದರೆಯಾದರೆ ಇಳಿಯಲು ಬೇಕಾದ ವಿಮಾನನಿಲ್ದಾಣಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಭೂಮಿ ತಿರುಗುವುದರಿಂದ ಹೀಗಾಗುತ್ತದೆಯೇ ಎಂದು ಕೇಳಿದ್ದೀರಿ. ನೇರವಾಗಿ ಅಲ್ಲ. ಹುಬ್ಬಳ್ಳಿಯ ನೆಲ ಈ ಹೊತ್ತಿನಲ್ಲಿ ಗಂಟೆಗೆ 1,600 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ, ಅದರ ಮೇಲಿನ ಗಾಳಿಯೂ ಅದರ ಜೊತೆಯಲ್ಲೇ ತಿರುಗುತ್ತಿದೆ. ಗಾಳಿ ಹಿಂದೆ ಉಳಿಯುವಂತಿದ್ದರೆ ನೃಪತುಂಗ ಬೆಟ್ಟದ ಮೇಲೆ ಒಂದು ಗಿಡವೂ ನಿಲ್ಲುತ್ತಿರಲಿಲ್ಲ. ವಿಮಾನ ಮೇಲೇರಿದಾಗ ಆ ವೇಗವನ್ನು ತನ್ನ ಜೊತೆಗೇ ಒಯ್ಯುತ್ತದೆ, ಆದ್ದರಿಂದ ತಾನು ಮೇಲೆ ನಿಂತು ಭೂಮಿ ಕೆಳಗೆ ತಿರುಗಿಕೊಳ್ಳಲಿ ಎಂದು ಕಾಯುವ ಅವಕಾಶ ಅದಕ್ಕಿಲ್ಲ. ಆದರೆ ಸಮಭಾಜಕದ ಕಡೆಯಿಂದ ಧ್ರುವದ ಕಡೆಗೆ ಹೊರಟ ಮೇಲಿನ ಗಾಳಿ ಪೂರ್ವಕ್ಕೆ ವಾಲುವುದು ಭೂಮಿಯ ತಿರುಗಾಟದಿಂದಲೇ. ಜೆಟ್ ಸ್ಟ್ರೀಮ್ ಹುಟ್ಟುವುದರಲ್ಲಿ ಅದರ ಪಾಲು ದೊಡ್ಡದು. ಹೀಗೆ ಪರೋಕ್ಷವಾಗಿ ನಿಮ್ಮ ಊಹೆ ಅರ್ಧ ನಿಜ.

ಸೋಮವಾರ ಹೊರಟು ಸೋಮವಾರವೇ ತಲುಪುವುದಕ್ಕೂ, ಬುಧವಾರ ಬಂದು ಇಳಿಯುವುದಕ್ಕೂ ಗಾಳಿಯ ಸಂಬಂಧವಿಲ್ಲ, ಅದು ಗಡಿಯಾರದ ವಿಷಯ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಪಕ್ಕದಲ್ಲಿ ಸಣ್ಣದಾಗಿ +1 ಅಥವಾ +2 ಎಂದಿದ್ದರೆ ಇಳಿಯುವುದು ಅಲ್ಲಿನ ಮರುದಿನ ಅಥವಾ ಅದರ ಮರುದಿನ ಎಂದರ್ಥ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಇಡುತ್ತಾರೆ. ಈಗ ಲೆಕ್ಕ ನೋಡಿ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಸೋಮವಾರ ನಸುಕಿನ ನಾಲ್ಕಕ್ಕೆ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ 23 ಗಂಟೆ ಪ್ರಯಾಣ ಮಾಡಿದರೆ ಇಳಿಯುವಾಗ ನಮ್ಮಲ್ಲಿ ಮಂಗಳವಾರ ನಸುಕಿನ ಮೂರು ಗಂಟೆ, ಅಲ್ಲಿ ಸೋಮವಾರ ಮಧ್ಯಾಹ್ನ ಎರಡೂವರೆ. ಬರುವಾಗ ಅಲ್ಲಿಂದ ಸೋಮವಾರ ಸಂಜೆ ನಾಲ್ಕಕ್ಕೆ ಹೊರಟು 24 ಗಂಟೆ ಪ್ರಯಾಣ ಮಾಡಿದರೆ ಅಲ್ಲಿ ಮಂಗಳವಾರ ಸಂಜೆ ನಾಲ್ಕು, ಇಲ್ಲಿ ಬುಧವಾರ ನಸುಕಿನ ನಾಲ್ಕೂವರೆ. ಮೇಲೆ ಹೇಳಿದ ಧ್ರುವದ ವಿಮಾನವೂ ಹೀಗೆಯೇ: ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಹದಿನೇಳು ಗಂಟೆಯ ಆಸುಪಾಸು ಹಾರಿ, 11ರ ನಸುಕಿನಲ್ಲಿ ಬೆಂಗಳೂರು ಮುಟ್ಟಿತು. ನೋಡಿದವರಿಗೆ 10ನೆಯ ತಾರೀಖು ಕಳೆದುಹೋದಂತೆ ಕಾಣುತ್ತದೆ, ಆದರೆ ಒಳಗಿದ್ದವರು ಕೂತದ್ದು ಆ ಹದಿನೇಳು ಗಂಟೆ ಮಾತ್ರ.

ಟಿಕೆಟ್ಟಿನ ಹೊತ್ತಿನ ಬಗ್ಗೆ ಇನ್ನೊಂದು ಮಾತು. ಅದು ವಿಮಾನದ ಚಕ್ರಗಳ ತಡೆ ತೆಗೆದು ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ, ಇಳಿದು ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಹೊತ್ತು. ರನ್‌ವೇಗೆ ಸಾಗುವ ಹೊತ್ತು, ಸರದಿಯಲ್ಲಿ ಕಾಯುವ ಹೊತ್ತು, ತಡವಾದರೂ ಸರಿಹೋಗಲಿ ಎಂದು ಕಂಪನಿ ಸೇರಿಸಿದ ಒಂದಿಷ್ಟು ನಿಮಿಷ, ಎಲ್ಲವೂ ಅದರಲ್ಲಿವೆ. ಒಂದು ದಿನ ಅರ್ಧ ಗಂಟೆ ಮೊದಲೇ ಇಳಿದರೆ ವಿಮಾನ ಎಂದಿಗಿಂತ ವೇಗವಾಗಿ ಓಡಿತೆಂದು ಅಲ್ಲ, ಆ ದಿನ ಗಾಳಿ ಅನುಕೂಲವಾಗಿತ್ತು ಅಥವಾ ಆ ಹೆಚ್ಚುವರಿ ನಿಮಿಷಗಳು ಉಳಿದವು ಎಂದು ತಿಳಿಯಿರಿ.

ನಡುವೆ ಎಲ್ಲಿ ವಿಮಾನ ಬದಲಿಸಬೇಕು ಎಂಬುದರಲ್ಲಿ ದೂರದ ಲೆಕ್ಕ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಟೋಕಿಯೊ ಮೂಲಕ ಹೋದರೆ 6,700 ಮತ್ತು 8,200 ಸೇರಿ ಸುಮಾರು 14,900 ಕಿ.ಮೀ., ದುಬೈ ಮೂಲಕ ಸುಮಾರು 15,700, ಜರ್ಮನಿಯ ಫ್ರಾಂಕ್‌ಫರ್ಟ್ ಮೂಲಕ ಸುಮಾರು 16,500. ಆದರೆ ನಿಮ್ಮ ವಯಸ್ಸಿನವರಿಗೆ ಒಟ್ಟು ದೂರಕ್ಕಿಂತ ಅದು ಹೇಗೆ ತುಂಡಾಗುತ್ತದೆ ಎಂಬುದು ಮುಖ್ಯ. ದುಬೈ ದಾರಿಯಲ್ಲಿ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಸುಮಾರು ಹದಿನಾರು ಗಂಟೆ ಕೂರಬೇಕು. ಟೋಕಿಯೊ ಅಥವಾ ಫ್ರಾಂಕ್‌ಫರ್ಟ್ ದಾರಿಯಲ್ಲಿ ಎರಡೂ ತುಂಡುಗಳು ಎಂಟರಿಂದ ಹನ್ನೆರಡು ಗಂಟೆಯ ಒಳಗೆ ಇರುತ್ತವೆ. ನಡುವೆ ಎದ್ದು ಒಂದು ತಾಸು ಅಡ್ಡಾಡಿ, ಕಾಲುಗಳಿಗೆ ರಕ್ತ ಓಡಿಸಿ, ಮತ್ತೆ ಹತ್ತುವುದು ಮೊಣಕಾಲು ನೋವಿರುವವರಿಗೆ ಎಷ್ಟೋ ಮೇಲು. ನನ್ನನ್ನು ಕೇಳಿದರೆ ಹೋಗುವಾಗ ಪೂರ್ವದ ದಾರಿ ಹಿಡಿಯಿರಿ ಎನ್ನುತ್ತೇನೆ, ಗಾಳಿ ನಿಮ್ಮ ಪರವಾಗಿರುತ್ತದೆ. ಬರುವಾಗ ಯುರೋಪ್ ಮೂಲಕ ಬಂದರೆ ಆಗಲೂ ಪೂರ್ವಕ್ಕೇ ಸಾಗುವುದರಿಂದ ಅಟ್ಲಾಂಟಿಕ್ ಮೇಲಿನ ಗಾಳಿ ಹಿಂದಿನಿಂದಲೇ ಬೀಸುತ್ತದೆ. ಹೀಗೆ ಹೋಗಿ ಬಂದರೆ ನೀವು ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿದಂತಾಗುತ್ತದೆ. ಎರಡು ದಾರಿಗಳನ್ನೂ ಒಂದೇ ಟಿಕೆಟ್ಟಿನಲ್ಲಿ ಹೊಂದಿಸಿದರೆ ದರ ಏರಬಹುದು, ಏರಿಕೆ ದೊಡ್ಡದಾಗಿದ್ದರೆ ಇದಕ್ಕಾಗಿ ಹಟ ಮಾಡಬೇಡಿ. ಬದಲಿಸುವ ಊರಿನಲ್ಲಿ ಮೂರು ಗಂಟೆಯಾದರೂ ನಡುವೆ ಇರಲಿ. ಅಮೆರಿಕದೊಳಗೇ ಇನ್ನೊಂದು ಊರಿನಲ್ಲಿ ವಿಮಾನ ಬದಲಿಸುವ ಟಿಕೆಟ್ ಆದರೆ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಬ್ಯಾಗುಗಳನ್ನೂ ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಹೊಸಬರಿಗೆ ಅದು ಬೇಡ ಎಂಬುದೇ ನನ್ನ ಅಭಿಪ್ರಾಯ.

ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ಗದಗಿನಿಂದ ಹುಬ್ಬಳ್ಳಿ ವಿಮಾನನಿಲ್ದಾಣಕ್ಕೆ ಒಂದೂವರೆ ಗಂಟೆ, ಅಲ್ಲಿ ಒಂದೂವರೆ ಗಂಟೆ, ಬೆಂಗಳೂರಿಗೆ ಹಾರಾಟ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಬೆಂಗಳೂರಿನಲ್ಲಿ ಕನಿಷ್ಠ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ವಿದೇಶಕ್ಕೆ ಹೋಗುವ ವಿಮಾನಗಳು ಅಲ್ಲಿ ಟರ್ಮಿನಲ್ 2ರಿಂದ ಹೊರಡುವುದರಿಂದ, ಹುಬ್ಬಳ್ಳಿಯ ವಿಮಾನ ಇನ್ನೊಂದು ಟರ್ಮಿನಲ್‌ನಲ್ಲಿ ಇಳಿಸಿದರೆ ಬ್ಯಾಗುಗಳೊಂದಿಗೆ ಅಲ್ಲಿಗೆ ಬರುವ ಹೊತ್ತೂ ಇದರಲ್ಲಿ ಸೇರಬೇಕು. ಮುಂದೆ ವಿಮಾನ ಬದಲಿಸುವುದೂ ಸೇರಿ 22ರಿಂದ 24 ಗಂಟೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಮಿಗ್ರೇಷನ್, ಬ್ಯಾಗು, ಮಗಳ ಮನೆಯ ದಾರಿ ಎಲ್ಲ ಸೇರಿ ಎರಡು ಮೂರು ಗಂಟೆ. ಒಟ್ಟು 32ರಿಂದ 36 ಗಂಟೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ ದಾರಿಯಲ್ಲಿ ಗಾಬರಿಯಾಗುವುದಿಲ್ಲ. ಹುಬ್ಬಳ್ಳಿ–ಬೆಂಗಳೂರು ಟಿಕೆಟ್ಟನ್ನು ಬೇರೆಯಾಗಿ ತೆಗೆಸಿದ್ದರೆ ಒಂದು ಎಚ್ಚರಿಕೆ: ಆ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಮುಂದಿನ ಕಂಪನಿ ಅದಕ್ಕೆ ಹೊಣೆಯಾಗುವುದಿಲ್ಲ. ಎಲ್ಲವೂ ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಮುಂದಿನ ವಿಮಾನಕ್ಕೆ ಸೇರಿಸುವುದು ಅವರ ಕೆಲಸ. ಬೇರೆಯಾಗಿಯೇ ತೆಗೆಸುವುದಾದರೆ ಹಿಂದಿನ ದಿನ ವಂದೇ ಭಾರತ್ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಬಂಧುಗಳ ಮನೆಯಲ್ಲಿ ಒಂದು ರಾತ್ರಿ ಉಳಿದು ಹೊರಡುವುದು ಒಳ್ಳೆಯದು. ಧಾರವಾಡದಿಂದ ಬೆಂಗಳೂರಿಗೆ ಆ ರೈಲಿಗೆ ಸುಮಾರು ಆರೂವರೆ ಗಂಟೆ ಸಾಕು.

ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಒಂದು ಕೈಗಡಿಯಾರವನ್ನು ಮಗಳ ಮನೆ ಮುಟ್ಟುವವರೆಗೆ ಭಾರತದ ಹೊತ್ತಿಗೇ ಬಿಡಿ. ಮೊಬೈಲ್ ಇಳಿದ ಊರಿನ ಹೊತ್ತಿಗೆ ತಾನೇ ತಿರುಗಿಕೊಳ್ಳುತ್ತದೆ, ಕಿಟಕಿಯ ಹೊರಗಿನ ಬೆಳಕೂ ದಾರಿ ತಪ್ಪಿಸುತ್ತದೆ. ಹಿಂದಿನ ಮಾತ್ರೆ ನುಂಗಿ ಎಷ್ಟು ಗಂಟೆಯಾಯಿತು ಎಂಬುದನ್ನು ಆ ಒಂದು ಗಡಿಯಾರ ಸರಿಯಾಗಿ ಹೇಳುತ್ತದೆ. ಅಲ್ಲಿಗೆ ಹೋದ ಮೇಲೆ ಮಾತ್ರೆಯ ಹೊತ್ತನ್ನು ಅಲ್ಲಿನ ದಿನಕ್ಕೆ ಹೇಗೆ ಬದಲಿಸಬೇಕು ಎಂಬುದನ್ನು, ವಿಶೇಷವಾಗಿ ಇನ್ಸುಲಿನ್ ಇದ್ದರೆ, ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಪಾಸ್‌ಪೋರ್ಟಿನ ಜೊತೆಯಲ್ಲಿ ಇಟ್ಟುಕೊಳ್ಳಿ.